ಎದುರು ಫ್ಲ್ಯಾಟಿನ ಹಬ್ಬ

ಸಂತರ ವಿಷಯದಲ್ಲೂ ಹೊಟ್ಟೆಕಿಚ್ಚು ಪಡಬಹುದು ಎಂದು ನನಗೆ ಗೊತ್ತಾದದ್ದು ಬಹರೈನ್‌ಗೆ, ಜಿಂಜ್‌ನ ಈ ಕಟ್ಟಡಕ್ಕೆ ಬಂದ ಮೇಲೆ. ಎದುರು ಫ್ಲ್ಯಾಟಿನವಳು ಫಿಲಿಪ್ಪೀನ್ಸಿನ ಯಾವುದೋ ದ್ವೀಪದ ನರ್ಸ್. ಅವಳ ಊರಿನ ಪಾಲಕ ಸಂತರೇ, ಮೈತುಂಬ ಬಾಣ ನಾಟಿಸಿಕೊಂಡವರು, ಮಂಗಳೂರು ಕಡೆಯ ನಮ್ಮ ಇಗರ್ಜಿಗೂ ಪಾಲಕರು. ಜನವರಿಯಲ್ಲಿ ಅವರ ಹಬ್ಬ. ನನಗೆ ಊರಿನ ವಾಟ್ಸ್ಯಾಪ್ ಗುಂಪಿನಲ್ಲಿ ಬ್ಯಾಂಡಿನವರ ವಿಡಿಯೊ ಬರುತ್ತಿತ್ತು. ಅವಳ ಮನೆಗೆ ಇಡೀ ದ್ವೀಪವೇ ಬರುತ್ತಿತ್ತು.

ಹಬ್ಬದ ವಾರದ ಶುಕ್ರವಾರ, ಇಲ್ಲಿಯ ರಜೆಯ ದಿನ, ಬೆಳಿಗ್ಗೆಯಿಂದ ಅವಳ ಬಾಗಿಲು ಹಾರುಹೊಡೆದಿರುತ್ತಿತ್ತು. ಚಪ್ಪಲಿಗಳು ನಮ್ಮ ಕಾಲೊರಸಿನವರೆಗೂ ಹರಡುತ್ತಿದ್ದವು. ಬಾಗಿಲಿನ ಕಿಂಡಿಯಿಂದ ನೋಡಿದರೆ ಮೂರನೇ ಮಹಡಿಯ ಮಲಯಾಳಿ, ಕಟ್ಟಡದ ವಾಚ್‌ಮನ್, ಎಲ್ಲರ ಕೈಯಲ್ಲೂ ಪ್ಲೇಟು. ನನ್ನನ್ನು ಮಾತ್ರ ಕರೆದಿಲ್ಲ! ನಮ್ಮಲ್ಲಿ ಹಬ್ಬದೂಟಕ್ಕೆ ಮನೆಗೆ ಬಂದು ಬಾಯಿಬಿಟ್ಟು ಕರೆಯಬೇಕು. ಕರೆಯದೆ ಹೋಗುವಷ್ಟು ನಾನು ಬಿದ್ದುಹೋಗಿಲ್ಲ. ನಾಲ್ಕು ವರ್ಷ ಬಾಗಿಲು ಹಾಕಿಕೊಂಡು ನಮ್ಮೂರ ಇಡ್ಲಿಯಂಥ ಸಣ್ಣ, ಹಂದಿ ಮಾಂಸದ ಬಫಾತ್ ಮಾಡಿದೆ. ಅವಳಿಗೂ ವಾಸನೆ ಮುಟ್ಟಲಿ ಎಂದು ಫ್ಯಾನನ್ನು ಬಾಗಿಲ ಕಡೆ ತಿರುಗಿಸಿದ್ದೂ ಉಂಟು.

ಸಿತ್ರಾದ ಕಾರ್ಖಾನೆಯಲ್ಲಿ ಬೆಳಗಿನ ಶಿಫ್ಟ್ ಮುಗಿಸಿ ಬರುವ ಗಂಡ ಆ ದಿನ ಮಾತ್ರ ಊಟ ಬೇಡವೆನ್ನುತ್ತಿದ್ದರು. ನನ್ನ ಅವಮಾನ ಅವರಿಗೂ ತಟ್ಟಿದೆ ಎಂದು ನನಗೆ ಪ್ರೀತಿ ಉಕ್ಕುತ್ತಿತ್ತು.

ಬೇರೆ ವರ್ಷ ಅವರು ಬರುವ ಹೊತ್ತಿಗೆ ಒಲೆಯ ಮುಂದಿರುತ್ತಿದ್ದೆ; ಈ ವರ್ಷ ಆಗಲೂ ಕಿಂಡಿಗೆ ಕಣ್ಣಿಟ್ಟು ನಿಂತಿದ್ದೆ. ಲಿಫ್ಟಿನಿಂದ ಇಳಿದ ಗಂಡ ನಮ್ಮ ಬಾಗಿಲ ಕಡೆ ತಿರುಗಲೇ ಇಲ್ಲ. ಶೂ ಕಳಚಿ ನೇರ ಎದುರು ಮನೆಗೆ ನಡೆದರು. ಒಳಗಿದ್ದವರೆಲ್ಲ ಸ್ವಂತ ಅಣ್ಣ ಬಂದಂತೆ "ಕುಯಾ!" ಎಂದು ಕೂಗಿದರು. ನಾನು ಬಾಗಿಲು ತೆಗೆದು ಹಾಗೇ ನುಗ್ಗಿದೆ.

ನರ್ಸ್ ಓಡಿಬಂದು ನನ್ನ ಕೈ ಹಿಡಿದಳು. "ಹುಷಾರಾದೆಯಾ? ಹಬ್ಬ ಬಂದರೆ ನಿನಗೆ ಮೈ ಸರಿಯಿರುವುದಿಲ್ಲವಂತೆ. ಪ್ರತಿವರ್ಷ ನಿನ್ನ ಪ್ಲೇಟು ಇವರ ಕೈಲೇ ಕಳಿಸಿದೆ," ಎಂದಳು ಇಂಗ್ಲಿಷಿನಲ್ಲಿ.

"ನೀನು ಕರೆಯಲೇ ಇಲ್ಲ," ಎಂದೆ.

ಅವಳಿಗೆ ನಿಜಕ್ಕೂ ಅರ್ಥವಾಗಲಿಲ್ಲ. "ಬಾಗಿಲು ತೆರೆದಿತ್ತಲ್ಲ?" ಅವಳ ದ್ವೀಪದಲ್ಲಿ ಹಬ್ಬದ ದಿನ ಯಾರೂ ಯಾರನ್ನೂ ಕರೆಯುವುದಿಲ್ಲವಂತೆ. ದಾರಿಯಲ್ಲಿ ಹೋಗುವವರೂ ಒಳಗೆ ಬಂದು ಉಣ್ಣುತ್ತಾರಂತೆ.

ನಾನು ಗಂಡನ ಕಡೆ ತಿರುಗಿದೆ. ಬಾಯಿತುಂಬ ನೂಡಲ್ಸ್. "ತಂದ್ರೆ ನೀನು ಬಿಸಾಡ್ತಿದ್ದಿ ಮಾರಾಯ್ತಿ. ಅದಕ್ಕೆ ಮೆಟ್ಲಲ್ಲೇ ಕೂತು ತಿಂದೆ."

ಅವಳು ನನ್ನನ್ನು ಸಂತರ ಪ್ರತಿಮೆಯ ಪಕ್ಕದಲ್ಲಿ ಕೂರಿಸಿ ಬಡಿಸಿದಳು. ಬಡಿಸುತ್ತಲೇ ಹೇಳಿದಳು: ಕೆಲಸದ ಕರಾರು ಮುಗಿಯಿತು, ಮುಂದಿನ ತಿಂಗಳು ಊರಿಗೆ, ಇನ್ನು ಬಹರೈನ್‌ಗೆ ಬರುವುದಿಲ್ಲ.

ಹೊಟ್ಟೆಕಿಚ್ಚು ಹೋಗಲಿಲ್ಲ, ಗಂಡನ ಮೇಲೆ ತಿರುಗಿತು. ಎರಡನೇ ಸಲ ಬಡಿಸಿಕೊಳ್ಳುತ್ತಿದ್ದ ಅವರಿಗೆ ಈ ಮನೆಯಲ್ಲಿ ಐದು ಹಬ್ಬ ಸಿಕ್ಕಿತ್ತು. ನನಗೆ ಇದೊಂದೇ.