ಟವೆಲ್ಲಿನಡಿಯ ಎಡಗೈ

ಉಂಗುರ ಬೆರಳು ತೋರುಬೆರಳಿಗಿಂತ ಉದ್ದವಿರುವ ಗಂಡಸರಿಗೆ ಹೃದಯಾಘಾತದ ಭಯ ಕಡಿಮೆ ಎಂಬ ಸಂದೇಶ ಮೊಬೈಲಿಗೆ ಬಂದ ದಿನ ನಾನು ಒಂದು ಮುದ್ದೆ ಹೆಚ್ಚಿಗೇ ಉಂಡೆ. ಬಲಗೈಯನ್ನು ಹೆಂಡತಿಯ ಮುಖಕ್ಕೆ ಹಿಡಿದು, "ನೋಡು, ಉಂಗುರ ಬೆರಳೇ ಉದ್ದ ಐತೆ. ಇನ್ನು ಆಸ್ಪತ್ರೆ ಸುದ್ದಿ ಎತ್ತಬ್ಯಾಡ" ಎಂದೆ. ಅವಳು ಬೆರಳು ನೋಡಿದಳು, ನನ್ನ ಮುಖ ನೋಡಿದಳು, ಒಳಗೆ ಹೋದಳು.

ಮೆಟ್ಟಿಲು ಹತ್ತಿದರೆ ನನಗೆ ಎದೆ ಹಿಡಿದಂತಾಗುತ್ತಿತ್ತು. ಇಸಿಜಿ ಮಾಡಿಸಿ ಎಂದು ಅವಳು ಎರಡು ತಿಂಗಳಿಂದ ಬೆನ್ನು ಬಿದ್ದಿದ್ದಳು. ನಮ್ಮಪ್ಪ ಐವತ್ತೆರಡನೇ ವಯಸ್ಸಿಗೆ, ನಮ್ಮೂರು ಆದಿವಾಲದ ಹೊಲದಲ್ಲಿ ಕುರಿ ಕೂಡುತ್ತಿರುವಾಗಲೇ ಎದೆನೋವು ಬಂದು ಹೋದವರು. ನನಗೀಗ ಐವತ್ತೆರಡು. ಪರೀಕ್ಷೆಗೆ ಹೆದರಬೇಡಿ ಎಂದು ಶಾಲೆಯಲ್ಲಿ ವರ್ಷವಿಡೀ ಬುದ್ಧಿ ಹೇಳುವ ವಿಜ್ಞಾನದ ಮೇಷ್ಟ್ರು ಬೇರೆ ನಾನು.

ಆ ವಾರ ತಮ್ಮನಿಗೆ ಜ್ವರ ಬಂದು, ಅವನ ಎರಡು ಟಗರು ಮಾರಲು ನಾನೇ ಹಿರಿಯೂರಿನ ಸಂತೆಗೆ ಹೋದೆ. ನಮ್ಮಲ್ಲಿ ಟಗರಿನ ಬೆಲೆಯನ್ನು ಬಾಯಲ್ಲಿ ಹೇಳುವುದಿಲ್ಲ. ಕೈಗಳ ಮೇಲೆ ಟವೆಲ್ ಹೊದಿಸಿ, ಅದರಡಿ ಒಬ್ಬರ ಬೆರಳನ್ನು ಒಬ್ಬರು ಹಿಡಿದು ತಿಳಿಸುತ್ತಾರೆ; ಎಷ್ಟು ಬೆರಳೋ ಅಷ್ಟು ಸಾವಿರ. ಅಪ್ಪನ ಕಾಲದ ಮುದುಕ ದಲ್ಲಾಳಿ ನನ್ನ ಬಲಗೈ ಹಿಡಿದವನೇ ನಕ್ಕುಬಿಟ್ಟ.

"ಏನಪ್ಪ ಮೇಷ್ಟ್ರೇ, ತೋರುಬೆರಳು ಮೋಟು ಐತೆ! ಇದನ್ನ ಒಂದು ಅನ್ಕಳ್ಳಾ, ಅರ್ಧ ಅನ್ಕಳ್ಳಾ?"

ನನಗೆ ಎಂಟು ವರ್ಷವಿದ್ದಾಗ ಮೇವು ಕತ್ತರಿಸುವ ಯಂತ್ರ ಆ ಬೆರಳಿನ ತುದಿ ತಿಂದಿತ್ತು. ಮರೆತಿದ್ದೆ ಎಂದರೆ ಸುಳ್ಳಾದೀತು. ಯಾವ ಕೈ ನೋಡಬೇಕೆಂದು ಸಂದೇಶದಲ್ಲಿ ಇರಲಿಲ್ಲ, ಅನುಕೂಲವಾದ ಕೈಯನ್ನು ನೋಡಿಕೊಂಡಿದ್ದೆ ಅಷ್ಟೇ.

"ಎಡಗೈ ಕೊಡ್ರಿ," ಎಂದ ಮುದುಕ. ಕೊಟ್ಟೆ. ಟವೆಲ್ಲಿನಡಿ ಬೆರಳುಗಳನ್ನು ಒಂದೊಂದಾಗಿ ಸವರುತ್ತ ಬಂದವನು ಉಂಗುರ ಬೆರಳಿಗಿಂತ ಉದ್ದವಿದ್ದ ತೋರುಬೆರಳನ್ನು ಇನ್ನೊಮ್ಮೆ ತುದಿಯವರೆಗೂ ಸವರಿದ. ಆಮೇಲೆ, "ಇದು ನಿಮ್ಮಪ್ಪಂದೇ ಕೈ. ಅವ್ರ ತೋರುಬೆರಳೂ ಹಿಂಗೇ ಉದ್ದ ಇತ್ತು," ಎಂದ.

ಹೆದರಿಕೆಯಾಯಿತು, ಮುಚ್ಚಿಡುವುದೇನು. ಆದರೂ ಕೈ ಬಿಡಿಸಿಕೊಳ್ಳಲು ಮನಸ್ಸು ಬರಲಿಲ್ಲ. ಅಪ್ಪನ ಕೈ ಹೇಗಿತ್ತೆಂದು ನನಗೇ ನೆನಪಿರಲಿಲ್ಲ. ಮುದುಕ ಕೇಳಿದ ಬೆಲೆಗೆ ತಲೆಯಾಡಿಸಿ, ಎಡಗೈಯನ್ನು ಅವನ ಹಿಡಿತದಲ್ಲೇ ಬಿಟ್ಟು, ಮೋಟು ಬೆರಳಿನಿಂದ ಹೆಂಡತಿಗೆ ಫೋನ್ ಒತ್ತಿದೆ.

"ನಾಳೆ ಆಸ್ಪತ್ರೆಗೆ ಹೋಗಾಣ," ಎಂದೆ.

ಆ ಕಡೆಯಿಂದ ಅವಳು ಕೇಳಿದಳು:

"ಎಡಗೈ ನೋಡ್ಕಂಡ್ರಾ?"