ನವಿಲುಗರಿ ಬಣ್ಣದ ಸೀರೆ

ಮೌಶಿಯ ಹಣೆಯ ಎಡಬದಿಗೆ, ಕೊಬ್ಬರಿ ಎಣ್ಣೆ ಹಚ್ಚಿ ಬೆರಳಿಗೆ ಸುತ್ತಿ ಬಿಟ್ಟ ಒಂದೇ ಒಂದು ಗುಂಗುರು ಇರುತ್ತಿತ್ತು. ಹಳೆಯ ಸಿನಿಮಾದ ಯಾವಳೋ ನಾಯಕಿಯಿಂದ ಎತ್ತಿಕೊಂಡದ್ದು. ಕೂದಲು ಪೂರಾ ನೆರೆತ ಮೇಲೂ ಅದನ್ನು ಬಿಡಲಿಲ್ಲ.

ವಿಜಯಪುರ ಕಡೆಯವರು. ಪುಣೆಯ ಪೇಠೆಯಲ್ಲಿ, ಹತ್ತಾರು ಬಿಡಾರಗಳಿದ್ದ ಹಳೇ ವಾಡೆಯಲ್ಲಿ ನಮ್ಮ ಪಕ್ಕದ ಮನೆಯವರು, ಬ್ಲೌಸು ಹೊಲಿಯುತ್ತಿದ್ದರು. ಸಂಬಂಧಿಯೇನಲ್ಲ, ಅಲ್ಲಿಯವರ ಹಾಗೆ ಮೌಶಿ, ಅಂದರೆ ಚಿಕ್ಕಮ್ಮ, ಎಂದು ಕರೆದು ರೂಢಿ. ರವಿವಾರ ಟಿವಿಯಲ್ಲಿ ಕಪ್ಪು-ಬಿಳುಪು ಸಿನಿಮಾ ಬಂದರೆ ದನಿ ಪೂರ್ತಿ ಇಳಿಸಿ, ಕೊರಳಲ್ಲಿ ಟೇಪು ಹಾಕಿಕೊಂಡೇ ಕೂರುತ್ತಿದ್ದರು. "ಹಾಡು ಕೇಳಕೋತ ಕುಂತ್ರ ನಾಯಕಿ ಬ್ಲೌಸಿನ ತೋಳಿನ ಕಟಿಂಗ್ ನೋಡೂದು ತಪ್ಪತದ" ಎನ್ನುವರು. ಆ ಬೂದು ಸೀರೆಗಳಿಗೆಲ್ಲ ತಾವೇ ಬಣ್ಣ ಹೇಳುವರು: ಇದು ಗಿಣಿಹಸಿರು, ಅದು ಈರುಳ್ಳಿ ಸಿಪ್ಪೆಯದು. ಹೇಗೆ ಗೊತ್ತು ಎಂದರೆ, "ಆಕಿ ನಿಂತ ಠೀವಿ ನೋಡು, ತಿಳೀತದ."

ನಾನು ಕಪ್ಪು. ಗಾಢ ಬಣ್ಣ ನಿನಗೆ ಒಪ್ಪದು ಎಂದು ಮನೆಯವರು ಹೇಳಿ ಹೇಳಿ, ನಾನೂ ನಂಬಿ, ಮಣ್ಣುಬಣ್ಣಕ್ಕೇ ಅಂಟಿಕೊಂಡೆ. ಮೌಶಿ ಮಾತ್ರ ಅಳತೆ ತೆಗೆದಾಗಲೆಲ್ಲ, "ಒಮ್ಮೆ ನವಿಲುಗರಿ ಬಣ್ಣದ್ದು ಉಡು. ಈ ನಾಯಕಿಯರೆಲ್ಲ ಮಾರಿ ಮುಚ್ಕೋಬೇಕು" ಎನ್ನುತ್ತಿದ್ದರು. ನನಗೆ ಧೈರ್ಯ ಸಾಲಲಿಲ್ಲ.

ಹೋದ ವರ್ಷ ಸಕ್ಕರೆ ಕಾಯಿಲೆ ಅವರ ಕಣ್ಣಿಗೂ ತಾಗಿತು. ಕಾಣುವುದೆಲ್ಲ ಹಳೇ ಸಿನಿಮಾದ ಹಾಗೆ ಬೂದು. ನಾನೀಗಿರುವ ಊರಾಚೆಯ ವಾಕಡ ಬಡಾವಣೆಯಿಂದ ನೋಡಲು ಹೋದಾಗ ನನ್ನ ಸೆರಗು ಹಿಡಿದು, "ನವಿಲುಗರಿ. ಕಡೀಕ ಉಟ್ಟಿ ನೋಡು" ಎಂದರು. ಅವರ ಕಣ್ಣು ತುಂಬಿತ್ತು. ನಾನುಟ್ಟದ್ದು ಎಂದಿನ ಮಣ್ಣುಬಣ್ಣದ ಕಾಟನ್ ಸೀರೆ.

"ಹೌದ್ರಿ ಮೌಶಿ" ಎಂದುಬಿಟ್ಟೆ.

ಆ ಸುಳ್ಳು ನನ್ನನ್ನು ಸುಮ್ಮನಿರಗೊಡಲಿಲ್ಲ. ಮರುವಾರವೇ ನಿಜವಾದ ನವಿಲುಗರಿ ರೇಷ್ಮೆ ಸೀರೆ ಕೊಂಡು, ಉಟ್ಟುಕೊಂಡು ಹೋದೆ. ಟಿವಿ ಹಾಡುತ್ತಿತ್ತು. ಮೌಶಿ ಅಂಚನ್ನು ಬೆರಳ ನಡುವೆ ಹೊಸಕಿ ನೋಡಿದರು.

"ಮೊನ್ನೆ ಕಾಟನ್ ಇತ್ತು, ಇದು ರೇಷ್ಮಿ. ಯಾವ ಬಣ್ಣ?"

"ನವಿಲುಗರಿ ರೀ."

"ಮೂವತ್ತು ವರ್ಷ ಒಂದೂ ತಗೊಳ್ಳದಾಕಿ, ವಾರದಾಗ ಎರಡು ತಗೊಂಡ್ಯೇನ?"

ನಾನು ತಲೆ ತಗ್ಗಿಸಿದೆ. ಅವರು ನಕ್ಕರು. "ಇರ್ಲಿ ಬಿಡು. ಕಿಡಕಿ ಕಡೆ ಬೆಳಕಿಗೆ ನಿಂದ್ರು."

ಅದೇ ಕೊನೆಯ ಭೇಟಿ, ಮುಂದಿನ ತಿಂಗಳು ಹೋಗಿಬಿಟ್ಟರು. ಆವತ್ತು ನಾನು ಕಿಟಕಿಗೆ ಹೋಗಿ ನಿಂತೆ. ಮೌಶಿ ತಡಕಾಡಿ ರಿಮೋಟ್ ಹುಡುಕಿ, ಟಿವಿಯ ದನಿ ಪೂರ್ತಿ ಇಳಿಸಿ, ನನ್ನ ಕಡೆ ತಿರುಗಿ ಕೂತರು.