ಬೆನ್ನಿಗೆ ಕಟ್ಟಿದ ಚೀಲ

ಬರ್ಕ್ಲಿಯಲ್ಲಿ ಓದುತ್ತಿದ್ದ ಮಗ ಫ್ರಟರ್ನಿಟಿ ಸೇರುತ್ತೇನೆ ಎಂದಾಗ ನಾವು ಗಂಡಹೆಂಡತಿ ಖುಷಿಪಟ್ಟೆವು. ಈಗ ಹೇಳಿದರೆ ಜನ ನಗುತ್ತಾರೆ. ಆದರೆ ಎಂಬತ್ತರ ದಶಕದ ಆ ದಿನಗಳಲ್ಲಿ ಅಮೆರಿಕಕ್ಕೆ ಬಂದು ಫ್ರೀಮಾಂಟಿನಲ್ಲಿ ನೆಲೆಸಿದ ನಮ್ಮಂಥ ಮನೆಗಳಿಗೆ ಅದು ಏನು, ಎತ್ತ ಎಂದು ತಿಳಿಸಿ ಹೇಳುವವರು ಯಾರಿದ್ದರು? ಕಾಲೇಜಿನ ಹತ್ತಿರ ಒಂದು ದೊಡ್ಡ ಮನೆ, ಅದರಲ್ಲಿ ಹುಡುಗರೆಲ್ಲ ಒಟ್ಟಿಗೆ ಇರುತ್ತಾರೆ, ಒಬ್ಬರನ್ನೊಬ್ಬರು ಬ್ರದರ್ ಎಂದು ಕರೆಯುತ್ತಾರೆ, ಹೊಸದಾಗಿ ಸೇರಿದವನಿಗೆ ಹಳಬನೊಬ್ಬ ಅಣ್ಣನಾಗುತ್ತಾನೆ. ಇಷ್ಟು ಕೇಳಿದ್ದೇ ತಡ, ನಮ್ಮ ಯಜಮಾನರ ಮುಖ ಅರಳಿತು.

"ನಮ್ಮ ಬೋರ್ಡಿಂಗ್ ಇದ್ದಂಗ ಐತಲ್ಲ ಇದು," ಎಂದರು.

ಅವರು ಧಾರವಾಡದಲ್ಲಿ ಮಠದವರು ನಡೆಸುತ್ತಿದ್ದ ಉಚಿತ ಬೋರ್ಡಿಂಗಿನಲ್ಲಿ ಇದ್ದು ಓದಿದವರು. ಅಲ್ಲಿ ಹಿರಿಯ ಹುಡುಗರು ಕಿರಿಯರನ್ನು ಬೆಳಗಿನ ಜಾವಕ್ಕೆ ಎಬ್ಬಿಸಿ ಸ್ನಾನಕ್ಕೆ ಅಟ್ಟುತ್ತಿದ್ದರಂತೆ, ಗಣಿತ ಹೇಳಿಕೊಡುತ್ತಿದ್ದರಂತೆ, ಜ್ವರ ಬಂದರೆ ಗಂಜಿ ಕಾಯಿಸಿ ಕುಡಿಸುತ್ತಿದ್ದರಂತೆ. ಮಗ ಅಂಥದೇ ಒಂದು ಕಡೆ ಸೇರಿದ್ದಾನೆ ಎಂದು ಅವರು ಗಟ್ಟಿಯಾಗಿ ನಂಬಿದರು. ನಾನೂ ನಂಬಿದೆ. ಅಮೆರಿಕದಲ್ಲೂ ಇಷ್ಟು ಒಳ್ಳೆಯ ಪದ್ಧತಿ ಇದೆಯಲ್ಲ ಎಂದು ಬಂದವರ ಮುಂದೆಲ್ಲ ಹೇಳಿಕೊಂಡಿದ್ದೂ ಉಂಟು.

ಎರಡನೆಯ ವರ್ಷ ಒಂದು ಶುಕ್ರವಾರ ಮಗ ಫೋನ್ ಮಾಡಿ, ನಾಳೆ ನನಗೂ ಒಬ್ಬ ತಮ್ಮ ಸಿಗುತ್ತಾನೆ ಎಂದ. ಮನೆಗೆ ಒಬ್ಬನೇ ಮಗ ಅವನು. ತಮ್ಮ ಬರುತ್ತಾನೆಂದರೆ ಬಾಯಿ ಸಿಹಿ ಮಾಡದೆ ಇರಲಾದೀತೇ? ಶನಿವಾರ ಪೂರ್ತಿ ಒಲೆಯ ಮುಂದೆ ನಿಂತು ಶೇಂಗಾ ಹೋಳಿಗೆ ಮಾಡಿದೆ. ಭಾನುವಾರ ಬೆಳಿಗ್ಗೆ ಡಬ್ಬಿಗಳನ್ನು ಕಾರಿನಲ್ಲಿಟ್ಟುಕೊಂಡು ಇಬ್ಬರೂ ಹೊರಟೆವು.

ಬಾಗಿಲು ತೆರೆದೇ ಇತ್ತು. ಒಳಗೆ ಹುಳಿ ವಾಸನೆ, ಕಾಲಿಗೆ ಅಂಟುವ ಕಾರ್ಪೆಟ್ಟು, ಸೋಫಾದ ಮೇಲೆ ಬೂಟು ಹಾಕಿಕೊಂಡೇ ಮಲಗಿದ ಹುಡುಗರು. ಯಜಮಾನರು ಬಾಗಿಲಲ್ಲೇ ನಿಂತುಬಿಟ್ಟರು. ನಮ್ಮನ್ನು ಕಂಡು ಮಗನ ಮುಖ ಬಿಳಿಚಿಕೊಂಡಿತು. ನಿನ್ನ ತಮ್ಮ ಎಲ್ಲಿ ಎಂದು ಕೇಳಿದೆ. ಮೇಲೆ ಮಲಗಿದ್ದಾನೆ, ಎಬ್ಬಿಸುವುದು ಬೇಡ ಎಂದ. ನಾನು ಕೇಳುವವಳೇ? ಡಬ್ಬಿ ಹಿಡಿದು ಮೆಟ್ಟಿಲು ಹತ್ತಿದೆ.

ಆ ಹುಡುಗ ನೆಲದ ಮೇಲೆ, ಮಗ್ಗುಲಾಗಿ ಬಿದ್ದಿದ್ದ. ಬೆನ್ನಿಗೆ ಪುಸ್ತಕ ತುಂಬಿದ ಚೀಲವನ್ನು ಬಿಗಿಯಾಗಿ ಕಟ್ಟಿದ್ದರು. ಯಾಕೆಂದು ಆಮೇಲೆ ತಿಳಿಯಿತು. ಕುಡಿದು ಮೈಮರೆತವನು ಅಂಗಾತ ಹೊರಳಿದರೆ ವಾಂತಿ ಗಂಟಲಿಗೆ ಸಿಕ್ಕಿ ಸಾಯಬಹುದು, ಬೆನ್ನಿಗೆ ಚೀಲ ಇದ್ದರೆ ಹೊರಳುವುದಿಲ್ಲ. ಅದು ಆ ಮನೆಯಲ್ಲಿ ಬಹಳ ಕಾಲದಿಂದ ನಡೆದು ಬಂದ ಜಾಣತನ. ಅಂದರೆ ಸಾಯಬಹುದು ಎನ್ನುವುದು ಅವರಿಗೆಲ್ಲ ಚೆನ್ನಾಗಿ ಗೊತ್ತಿತ್ತು. ಇದನ್ನು ನೆನೆದರೆ ನನಗೆ ಇವತ್ತಿಗೂ ಮೈ ಉರಿಯುತ್ತದೆ.

ಕೈ ಮುಟ್ಟಿದೆ, ತಣ್ಣಗಿತ್ತು. ತುಟಿ ನೀಲಿಗಟ್ಟಿತ್ತು. ಒಂದು ಉಸಿರಿಗೂ ಇನ್ನೊಂದಕ್ಕೂ ನಡುವೆ ಹತ್ತು ಎಣಿಸುವಷ್ಟು ಹೊತ್ತು. ಓಡಿ ಹೊರಗೆ ಬಂದೆ. ಓಣಿಯಂಥ ಆ ಹಾದಿಯ ಗೋಡೆಯ ಮೇಲೆ ಫೋನಿತ್ತು. ಅದರ ಮುಂದೆ, ನನ್ನ ಹಿಂದೆಯೇ ಮೆಟ್ಟಿಲು ಹತ್ತಿ ಬಂದ ಮಗ ಅಡ್ಡ ನಿಂತಿದ್ದ.

"ಮಾಮ್, ಪ್ಲೀಸ್," ಎಂದು ಎಂದಿನಂತೆ ಇಂಗ್ಲಿಷಿನಲ್ಲೇ ಹೇಳಿದ. "ಆಂಬುಲೆನ್ಸ್ ಬಂದರೆ ಈ ಮನೆ ಮುಚ್ಚಿಸಿಬಿಡುತ್ತಾರೆ. ನಿದ್ದೆ ಮಾಡಿದರೆ ಸರಿಹೋಗುತ್ತಾನೆ. ಎಲ್ಲರಿಗೂ ಹೀಗೇ ಆಗುತ್ತೆ."

"ಬಾಜೂ ಸರಿ," ಎಂದೆ.

ಸರಿಯಲಿಲ್ಲ. ಡಬ್ಬಿ ಕೆಳಗಿಟ್ಟು ಕೆನ್ನೆಗೆ ಬಾರಿಸಿದೆ. ಅವನನ್ನು ನಾನು ಹೊಡೆದದ್ದು ಅದೊಂದೇ ಸಲ, ಅದಕ್ಕಾಗಿ ನನಗೆ ಯಾವತ್ತೂ ಬೇಸರವಾಗಿಲ್ಲ. ಆಂಬುಲೆನ್ಸಿಗೆ ಫೋನ್ ಮಾಡಿ, ಅವರು ಬರುವವರೆಗೆ ಆ ಹುಡುಗನ ತಲೆ ನನ್ನ ತೊಡೆಯ ಮೇಲಿಟ್ಟುಕೊಂಡು ಕೂತೆ. ಯಾರ ಮನೆಯ ಮಗನೋ, ಹೆಸರೂ ಕೇಳಿರಲಿಲ್ಲ.

ಹುಡುಗ ಉಳಿದ. ಕಣ್ಣು ಬಿಡುವುದಕ್ಕೆ ಎರಡು ದಿನ ಹಿಡಿಯಿತು.

ವಿಶ್ವವಿದ್ಯಾಲಯದವರು ವಿಚಾರಣೆ ಕರೆದರು. ನಾವ್ಯಾರೂ ಏನೂ ನೋಡಲಿಲ್ಲ ಎಂದು ಹೇಳಬೇಕೆಂದು ಆ ಫ್ರಟರ್ನಿಟಿ ಮನೆಯ ಹುಡುಗರೆಲ್ಲ ಮೊದಲೇ ಮಾತಾಡಿಕೊಂಡಿದ್ದರು. ನಮ್ಮ ಮನೆಯಲ್ಲೂ ಅದೇ ರಾಗ.

"ಸುಮ್ಮನ ಇರಲಿ ಅಂವ," ಎಂದರು ಯಜಮಾನರು. "ನಾಳೆ ಮೆಡಿಕಲ್ ಸೀಟಿಗೆ ಕುತ್ತು ಬರತೈತಿ. ಇಲ್ಲದ ಉಸಾಬರಿ ನಮಗ್ಯಾಕ?"

"ಉಸಾಬರಿ ಹೆಂಗಾಗತೈತ್ರಿ? ಆ ಹುಡುಗಗ ಅಣ್ಣ ಆಗಿದ್ದಂವ ಇವನ ಅಲ್ಲೇನು? ನಿಮ್ಮ ಬೋರ್ಡಿಂಗಿನಾಗ ಹಿಂಗ ಮಾಡ್ತಿದ್ರೇನು?"

ಮಗ ಅಲ್ಲೇ ಕೂತು ಕೇಳುತ್ತಿದ್ದ. ಹೇಳು ಎಂದೂ ಅನ್ನಲಿಲ್ಲ ನಾನು, ಬೇಡ ಎಂದೂ ಅನ್ನಲಿಲ್ಲ. ಅವನು ಬಾಯಿ ಬಿಡದೆ ಹೋದರೆ ಮುಂದೆ ಅವನ ಮುಖ ಹೇಗೆ ನೋಡಲಿ ಎಂಬ ಭಯವೊಂದೇ ನನಗೆ.

ವಿಚಾರಣೆಯ ದಿನ ನಾವೂ ಹಿಂದಿನ ಸಾಲಿನಲ್ಲಿ ಕೂತಿದ್ದೆವು. ಬಾಟಲಿ ಕೊಟ್ಟವರು ಯಾರು, ಚೀಲ ಕಟ್ಟಿದವರು ಯಾರು ಎಂದು ಅಧಿಕಾರಿ ಕೇಳಿದರು. ನಾವೇನೂ ನೋಡಲಿಲ್ಲ ಎಂದು ಹುಡುಗರು ಒಬ್ಬೊಬ್ಬರಾಗಿ ಹೇಳಿದರು. ಆಗ ನಮ್ಮವನು ಎದ್ದ.

"ಬಾಟಲಿ ಕೊಟ್ಟಿದ್ದು ನಾನು. ಅಣ್ಣನಾದವನು ಕೊಡಬೇಕು, ತಮ್ಮನಾದವನು ಅಷ್ಟನ್ನೂ ಮುಗಿಸಬೇಕು. ಅದು ಮನೆಯ ಪದ್ಧತಿ. ಹೋದ ವರ್ಷ ನನಗೂ ಕೊಟ್ಟಿದ್ದರು. ಚೀಲ ಕಟ್ಟಿದ್ದೂ ನಾನೇ."

ಹೋದ ವರ್ಷ ನನಗೂ ಎಂದನಲ್ಲ! ಅವನೂ ಹಾಗೇ ಬಿದ್ದಿದ್ದನೇ? ಆಗ ನಾವೇನು ಮಾಡುತ್ತಿದ್ದೆವು?

ಆ ಹುಡುಗನ ತಾಯಿ ಮುಂದಿನ ಸಾಲಿನಲ್ಲಿದ್ದಳು. ಕೂತಲ್ಲಿಂದಲೇ ಕೇಳಿದಳು: "ಚೀಲ ಕಟ್ಟಿದ ಮೇಲೆ ಅವನ ಹತ್ತಿರ ಯಾರಿದ್ದರು?"

"ಯಾರೂ ಇರಲಿಲ್ಲ. ನಾನು ನನ್ನ ರೂಮಿಗೆ ಹೋಗಿ ಮಲಗಿದೆ."

ಅವಳು ಎದ್ದು ಹೊರಗೆ ಹೋದಳು. ಬೈದಿದ್ದರೆ ನನಗೆ ಎಷ್ಟೋ ಸಮಾಧಾನವಾಗುತ್ತಿತ್ತು.

ಆ ಮನೆಯನ್ನು ಒಂದು ವರ್ಷ ಮುಚ್ಚಿದರು. ಮಗನನ್ನು ಒಂದು ಸೆಮಿಸ್ಟರ್ ಕಾಲೇಜಿನಿಂದ ಹೊರಗಿಟ್ಟರು. ಬ್ರದರ್ ಎನ್ನುತ್ತಿದ್ದವರು ಅವನನ್ನು ಕಂಡರೆ ರಸ್ತೆ ದಾಟಿ ಆಚೆ ಹೋಗುತ್ತಿದ್ದರು. ಮನೆಗೆ ಬಂದ ನಮ್ಮ ಜನ, ಪಾಪ, ಎಲ್ಲರೂ ಮಾಡುವುದನ್ನೇ ಅವನೂ ಮಾಡಿದ, ಅವನದೇನು ತಪ್ಪು ಎಂದು ಬೆನ್ನು ಸವರಿ ಹೋಗುತ್ತಿದ್ದರು. ಅವರು ಹೋದ ಮೇಲೆ ಅವನು ತಟ್ಟೆಯ ಮುಂದೆ ಕೂತು ಎರಡು ತುತ್ತು ತಿಂದು ಏಳುತ್ತಿದ್ದ. ಆ ಹುಡುಗನ ಮನೆಗೆ ಎಷ್ಟೋ ಸಲ ಫೋನ್ ಮಾಡಿದ. ಪ್ರತಿ ಸಲವೂ ತಾಯಿಯೇ ಎತ್ತಿ, ಯಾರೆಂದು ಕೇಳಿ, ಇಟ್ಟುಬಿಡುತ್ತಿದ್ದಳು. ಆ ಹುಡುಗ ಬರ್ಕ್ಲಿಗೆ ಮರಳಿ ಬರಲೇ ಇಲ್ಲ.

ಆ ಫ್ರಟರ್ನಿಟಿ ಮನೆ ಮತ್ತೆ ತೆರೆಯುವಾಗ ಹೊಸ ನಿಯಮ ಬೇಕೆಂದು ಪಟ್ಟು ಹಿಡಿದವನು, ಅಷ್ಟರಲ್ಲಿ ಕಾಲೇಜಿಗೆ ಮರಳಿದ್ದ ನಮ್ಮವನೇ. ಅಣ್ಣ ಬಾಟಲಿ ಕೊಡುವ ಹಾಗಿಲ್ಲ. ಕುಡಿದು ಬಿದ್ದವನ ಬಳಿ ಕುಡಿಯದ ಒಬ್ಬ ಕೂತಿರಬೇಕು. ಆಂಬುಲೆನ್ಸಿಗೆ ಫೋನ್ ಮಾಡಿದವನನ್ನು ಯಾರೂ ಏನೂ ಅನ್ನಬಾರದು. ನಿನ್ನ ಅಮ್ಮನನ್ನೇ ಕಾವಲಿಗೆ ಕೂರಿಸು ಎಂದು ಗೇಲಿ ಮಾಡಿದರಂತೆ. ಮೀಟಿಂಗಿನ ಮೇಲೆ ಮೀಟಿಂಗು ನಡೆದು ಕೊನೆಗೂ ಒಪ್ಪಿದರು. ಇದರಿಂದ ಹುಡುಗರು ಕುಡಿಯುವುದನ್ನು ಬಿಟ್ಟರು ಎಂದು ನಾನು ಹೇಳುವುದಿಲ್ಲ. ಬಿಡಲಿಲ್ಲ.

ಹೊಸ ಹುಡುಗರು ಸೇರುವ ದಿನ ಅವರ ಮುಂದೆ ನಿಂತು ನಡೆದದ್ದೆಲ್ಲ ಅವನೇ ಹೇಳಿದ. ಅಂದು ಸಂಜೆ ನಾವು ಹೋಗಿ ಅವನನ್ನು ಕರೆದುಕೊಂಡು ಕಾರಿನಲ್ಲಿ ಫ್ರೀಮಾಂಟಿಗೆ ಮರಳುವಾಗ ಹಿಂದಿನ ಸೀಟಿನಿಂದ, ನಮ್ಮ ಮಾತಿನಲ್ಲೇ, ತಡವರಿಸುತ್ತ ಕೇಳಿದ:

"ಅವ್ವಾ, ಆವತ್ತ ನೀ ಬರದಿದ್ರ ಅಂವ ಉಳೀತಿದ್ದನೇನು?"

"ಇಲ್ಲ," ಎಂದೆ. "ಸಾಯ್ತಿದ್ದ. ನೀನ ಕೊಂದಂಗ ಆಗ್ತಿತ್ತು."

ಯಜಮಾನರು ಸ್ಟಿಯರಿಂಗ್ ಹಿಡಿದುಕೊಂಡೇ, ಸಾಕು ಎನ್ನುವಂತೆ ನನ್ನತ್ತ ನೋಡಿದರು. ಹಿಂದಿನಿಂದ ಮಗ ಮೆಲ್ಲಗೆ "ಹೂಂ" ಎಂದ. ಮನೆಗೆ ಬಂದು ಕೈಕಾಲು ತೊಳೆದು ಕೂತ. ರೊಟ್ಟಿ ಬಡಿಸಿದೆ. ವರ್ಷದ ಮೇಲೆ ಅಂದು ಹೊಟ್ಟೆ ತುಂಬ ಉಂಡ.